ಆಷಾಢದ ಗಾಳಿಗೆ ಎದುರಾಗಿ ಯಲಬುರ್ಗಿ ದಾರಿ

ಕುಷ್ಟಗಿಯಿಂದ ಕೊಪ್ಪಳಕ್ಕೆ ಸುಲಭದ ದಾರಿಯೊಂದಿದೆ. ವಿಜಯಪುರ–ಹೊಸಪೇಟೆ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರಾಯಿತು, ಸೈಕಲ್ಲಿನವರೂ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುತ್ತಾರೆ. ನಮ್ಮ ತಂಡ ಹಿಡಿದದ್ದು ಬೇರೆ ದಾರಿ: ನೈಋತ್ಯಕ್ಕೆ ಯಲಬುರ್ಗಿ, ಅಲ್ಲಿಂದ ಕುಕನೂರು, ಇನ್ನೂ ಪಡುವಣಕ್ಕೆ ಸರಿದು ಇಟಗಿ, ಆಮೇಲೆ ಹೊರಳಿ ಮೂಡಣಕ್ಕೆ ಕೊಪ್ಪಳ. ಇಟಗಿಯ ಮಹಾದೇವ ದೇವಾಲಯ ನೋಡದೆ ಈ ಜಿಲ್ಲೆ ದಾಟಲು ಯಾರಿಗೂ ಮನಸ್ಸಿರಲಿಲ್ಲ. ಬಾದಾಮಿಯಿಂದ ಆನೆಗೊಂದಿಗೆ ಹೊರಟ ನಮ್ಮ ಪ್ರವಾಸದ ಅತಿ ಕಠಿಣ ದಿನ ಅದಾಯಿತು. ಕಣ್ಣು ತುಂಬಿದ ದಿನವೂ ಅದೇ.

ಕುಷ್ಟಗಿಯಲ್ಲಿ ಬೆಳಗಿನ ಒಗ್ಗರಣಿ–ಮಿರ್ಚಿ ತಿನ್ನುವಾಗ ಹೋಟೆಲಿನ ಹಿರಿಯರು ದಾರಿ ಕೇಳಿ ತಿಳಿದುಕೊಂಡರು. "ಯಲಬುರ್ಗಿ ಮ್ಯಾಲೆ ಯಾಕ ಹೊಂಟೀರಿ ತಮ್ಮಾ? ಆಷಾಢದ ಗಾಳಿ ಎದಿಗೇ ಹೊಡೀತೈತಿ. ಈಗ ರೈಲೂ ಬಂದೈತಲ್ಲ, ಸೈಕಲ್ ಹಾಕ್ಕೊಂಡು ಹೋಗ್ರಿ." ಹೌದು, 2025ರಲ್ಲಿ ಕುಷ್ಟಗಿಗೆ ರೈಲು ಬಂದಿದೆ, ಎಷ್ಟೋ ವರ್ಷ ಕಾದ ಊರು ಅದು. ನಾವು ನಕ್ಕು ಇನ್ನೊಂದೊಂದು ಮಿರ್ಚಿ ತಿಂದು ಹೊರಟೆವು.

ಊರು ದಾಟಿ ಬಯಲಿಗೆ ಬಿದ್ದದ್ದೇ ತಡ, ಗಾಳಿ ಹಿಡಿಯಿತು. ಇಲ್ಲಿ ಅದಕ್ಕೆ ಅಡ್ಡ ನಿಲ್ಲುವ ಕಾಡಿಲ್ಲ, ಬೆಟ್ಟಗಳೂ ಕಡಿಮೆ. ರಸ್ತೆಯ ಎರಡೂ ಬದಿ ಎರೆ ಹೊಲ, ನಡುನಡುವೆ ಮಸಾರಿ. ಹೆಸರು, ತೊಗರಿ, ಸಜ್ಜೆಯ ಎಳೆ ಪೈರು ಒಂದೇ ದಿಕ್ಕಿಗೆ ಬಾಗಿತ್ತು, ನಮ್ಮ ಕಡೆಗೆ. ಸಮತಟ್ಟಾದ ರಸ್ತೆಯಲ್ಲಿ ಏರು ಹತ್ತುವ ಗೇರ್ ಹಾಕಿದರೂ ಚಕ್ರ ಹೊರಳದು. ಎದುರು ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ. ಆ ಲೆಕ್ಕ ಅಂದು ಮೊಣಕಾಲಿಗೆ ಅರ್ಥವಾಯಿತು. ಉಪಾಯ ಒಂದೇ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಸಾಲಾಗಿ ಹೋಗುವುದು. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಶ್ರಮ ಎಷ್ಟೋ ಕಡಿಮೆ. ಜಾತ್ರೆಯ ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸುವಂತೆ ಮುಂದಿನವರು ಪಕ್ಕಕ್ಕೆ ಸರಿದು ಹಿಂದೆ ಹೋಗುತ್ತಿದ್ದರು, ಎರಡನೆಯವರು ಎದೆ ಕೊಡುತ್ತಿದ್ದರು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಹುಡುಗಿ ತನ್ನ ಸರದಿ ಮುಗಿದರೂ ಮುಂದೆಯೇ ಉಳಿಯುತ್ತಿದ್ದಳು, ಹಿಂದೆ ಬಾ ಎಂದು ಕೂಗಿದರೆ ಗಾಳಿಯಲ್ಲಿ ಕೇಳಿಸಲಿಲ್ಲ ಅನ್ನುತ್ತಿದ್ದಳು.

ಯಲಬುರ್ಗಿ ಸಮೀಪಿಸುತ್ತಿದ್ದಂತೆ ದಿಗಂತದಲ್ಲಿ ಗಾಳಿಯಂತ್ರಗಳು ಎದ್ದವು. ಈ ಸೀಮೆಯವರು ಅವನ್ನು 'ಫ್ಯಾನು' ಅನ್ನುತ್ತಾರೆ. ಎಲ್ಲವೂ ಮುಖ ಮಾಡಿ ನಿಂತದ್ದು ಪಡುವಣಕ್ಕೆ, ನಾವು ಹೋಗುತ್ತಿದ್ದ ದಿಕ್ಕಿಗೇ. ಅವುಗಳ ರೆಕ್ಕೆಯ ಗುಂಯ್‌ಗುಡುವಿಕೆಯ ಕೆಳಗೆ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ ನನಗೊಂದು ಬೆರಗು ಹುಟ್ಟಿತು. ಈ ಗಾಳಿ ಹೊರಟದ್ದು ಅರಬ್ಬೀ ಸಮುದ್ರದಿಂದ, ಮೈತುಂಬ ನೀರು ಹೊತ್ತು. ಸಹ್ಯಾದ್ರಿ ಹತ್ತುವಾಗ ಆ ಹೊರೆಯನ್ನು ಅಲ್ಲಿಯೇ ಇಳಿಸಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕೊಪ್ಪಳ ಜಿಲ್ಲೆಯಲ್ಲಿ 600ರ ಆಸುಪಾಸಿಗೆ ಇಳಿಯುತ್ತದೆ. ಬರಿಗೈಯ ಗಾಳಿ ಇಲ್ಲಿಗೆ ನೆಟ್ಟಗೆ ಬರುತ್ತದೆ. ಅದು ಇಳಿಸಿದ ನೀರು ತುಂಗೆ ಭದ್ರೆಯರಾಗಿ ಕೂಡಲಿಯಲ್ಲಿ ಕೂಡಿ, ಸುತ್ತುಬಳಸಿ, ಇದೇ ಜಿಲ್ಲೆಯ ಮುನಿರಾಬಾದಿನ ಅಣೆಕಟ್ಟಿಗೆ ಬಂದು ಮುಟ್ಟುತ್ತದೆ. ಘಟ್ಟದಲ್ಲಿ ಅಗಲಿದವೆರಡೂ ಬಂದು ತಲುಪುವ ಜಿಲ್ಲೆ ಇದು. ಯಲಬುರ್ಗಿ, ಕುಷ್ಟಗಿಗಳ ಪಾಲಿಗೆ ಗಾಳಿ ಬಂತು, ಎಡದಂಡೆ ಕಾಲುವೆಯ ಗಂಗಾವತಿಗೆ ನೀರು ಬಂದು ಅದು ಭತ್ತದ ಕಣಜವಾಯಿತು. ಒಂದೇ ಜಿಲ್ಲೆಯ ರೈತರಲ್ಲಿ ಒಬ್ಬರು ಕಾಲುವೆ ನೋಡಿ ನಾಟಿ ಮಾಡುವುದು, ಇನ್ನೊಬ್ಬರು ಮುಗಿಲು ನೋಡಿ ಬಿತ್ತುವುದು ನನ್ನನ್ನು ದಿನವಿಡೀ ಕಾಡಿತು. ಎರೆ ಸೀಮೆಯ ಈ ಬಾಯಾರಿಕೆಗೆ ಇನ್ನೂ ನ್ಯಾಯ ಸಿಕ್ಕಿಲ್ಲವೆಂದೇ ನಾನು ತಿಳಿದಿದ್ದೇನೆ.

ಯಲಬುರ್ಗಿಯ ಆಚೆ ರಸ್ತೆ ಅಗೆದಿದ್ದರು. ಹೊಲದ ಬಂಡಿದಾರಿಗೆ ಇಳಿಯಬೇಕಾಯಿತು, ಆ ಹೊತ್ತಿಗೇ ಹನಿ ಉದುರಿತು. ರೈತರು ಕಾಯುವ ಮಳೆ ಅದಲ್ಲ, ಹುಡಿ ಅಡಗಿಸುವಷ್ಟೇ. ಆದರೆ ಎರೆ ಮಣ್ಣಿಗೆ ಅಷ್ಟು ಸಾಕು. ತೊಯ್ದೊಡನೆ ಹಿಗ್ಗಿ ಟೈರಿಗೆ ಮೆತ್ತಿಕೊಂಡಿತು, ಬ್ರೇಕಿನ ಸಂದು ತುಂಬಿ ಚಕ್ರವೇ ನಿಂತಿತು. ಕಡ್ಡಿಯಿಂದ ಕೆರೆಯುವುದು, ಹತ್ತು ಮಾರು ನೂಕುವುದು, ಮತ್ತೆ ಕೆರೆಯುವುದು. ಕೊನೆಗೆ ಸೈಕಲ್ಲನ್ನೇ ಹೆಗಲಿಗೇರಿಸಿದೆವು. ಕಸ ತೆಗೆಯುತ್ತಿದ್ದ ಹೆಣ್ಣುಮಕ್ಕಳು ನಮ್ಮನ್ನು ನೋಡಿ, ಕರೆದು, ಬುತ್ತಿ ಬಿಚ್ಚಿದರು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಮ್ಮ ಪಾಲು ಹೋದರೆ ಅವರಿಗೆ ಕಡಿಮೆಯಾದೀತೆಂದು ನಾವು ಹಿಂಜರಿದಾಗ ಒಬ್ಬಾಕೆ, "ಉಣ್ರಿ ಅಣ್ಣಾರ, ಹೊಲದಾಗ ಬಂದವ್ರು ಹಸದು ಹೋಗಬಾರದು," ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅವರ ಜೊತೆಗಿದ್ದ ಮಗುವಿನ ಕೈಯಲ್ಲಿ ಕೊಂಬು ಮುರಿದ ಮಣ್ಣೆತ್ತು ಇತ್ತು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಕೆಲವೇ ದಿನವಾಗಿತ್ತು. ನಮ್ಮ ಚಕ್ರ ಹಿಡಿದು ನಿಲ್ಲಿಸಿದ ಮಣ್ಣೂ ಈ ಮಗು ಪೂಜಿಸಿದ ಎತ್ತಿನ ಮಣ್ಣೂ ಇದೇ ನೆಲದ್ದು.

ಕುಕನೂರಿನ ನವಲಿಂಗ ಗುಡಿಗೆ ನಿಂತು ಕೈಮುಗಿದದ್ದಷ್ಟೇ. ಇಟಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಹೊಂಡದ ಕಡೆಯಿಂದ ದೇವಾಲಯ ಕಂಡಾಗ ಯಾರೂ ದಣಿವಿನ ಮಾತೆತ್ತಲಿಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ, ಕಂಡವರು ತಕರಾರು ತೆಗೆಯಲಾರರು. ಕಲ್ಲು ಬಳಪದ ಜಾತಿಯದು, ಉಳಿಗೆ ಒಲಿಯುವಷ್ಟು ಮೆದು. ತಿರುಗಣೆಯಲ್ಲಿ ಕಡೆದ ಕಂಬಗಳ ಬಳೆಗಳ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಬಾಗಿಲುವಾಡದ ಬಳ್ಳಿಗಳ ನಡುವೆ ಒಂದು ಬೆರಳಗಲ ಜಾಗ ಖಾಲಿ ಬಿಟ್ಟಿಲ್ಲ. ಬೆಳಗಿನಿಂದ ನಮ್ಮನ್ನು ಹಿಂದಕ್ಕೆ ನೂಕಿದ ಗಾಳಿ ಒಂಬತ್ತು ನೂರು ಆಷಾಢ ಈ ಮೆದು ಕಲ್ಲಿನ ಮೇಲೆ ಬೀಸಿದೆ. ಆದರೂ ಕೆತ್ತನೆಯ ಗೆರೆ ಚೂಪಾಗಿಯೇ ಇದೆ. ನಾನು ಒಂದು ಕಂಬಕ್ಕೆ ಒರಗಿ ಕೂತು, ಮೇಲಿನ ಭುವನೇಶ್ವರಿಯನ್ನು ಕತ್ತು ನೋಯುವವರೆಗೆ ನೋಡಿದೆ.

ಇಟಗಿಯಿಂದ ಹೊರಳಿದ ಮೇಲೆ ಗಾಳಿ ಬೆನ್ನಿಗೆ ಬಂತು. ಗದಗ–ಹೊಸಪೇಟೆ ಹೆದ್ದಾರಿಯಲ್ಲಿ ಪೆಡಲ್ ತುಳಿಯುವುದೇ ಬೇಡವೆನಿಸಿತು, ಹುಡುಗರು ಕೈಬಿಟ್ಟು ಕೂಗುತ್ತ ಹೋದರು. ಕಪ್ಪು ನೆಲ ಹಿಂದೆ ಸರಿದು, ಕೊಪ್ಪಳದ ಗ್ರಾನೈಟ್ ಬೆಟ್ಟಗಳು ಎದುರಿಗೆ ಎದ್ದವು.

ಗವಿಮಠದ ಬೆಟ್ಟದ ಮೇಲೆ, ಛತ್ರಿಯಂತೆ ಚಾಚಿದ ಬಂಡೆಯ ಕೆಳಗೆ ಅಶೋಕನ ಶಾಸನವಿದೆ. ಪಡುವಣದ ಪಾಲ್ಕಿಗುಂಡಿನ ಮೇಲೆಯೂ ಅದರ ಇನ್ನೊಂದು ಪ್ರತಿ ಇದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಸಣ್ಣವರೂ ಪರಾಕ್ರಮದಿಂದ, ಅಂದರೆ ಪಟ್ಟುಬಿಡದ ಪ್ರಯತ್ನದಿಂದ, ಪಡೆಯಬಹುದು ಎಂಬುದು ಅದರ ತಿರುಳು. ಈ ಕಿರು ಶಾಸನದ ಪಾಠಗಳಲ್ಲಿ 256 ಎಂಬ ಅಂಕಿಯೂ ಬರುತ್ತದೆ. ಅದು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಎನ್ನುವವರು ವಿದ್ವಾಂಸರಲ್ಲಿ ಬಹಳ. ದಾರಿಯಲ್ಲಿದ್ದ ಚಕ್ರವರ್ತಿಯೊಬ್ಬ ಸಣ್ಣವರಿಗೆಂದು ಆಡಿದ ಮಾತು ಈ ಬಂಡೆಯವರೆಗೆ ನಡೆದು ಬಂತು! ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ ನಮ್ಮ ಗುಂಪು ಆ ಬ್ರಾಹ್ಮಿ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತಿತು.

ರಾತ್ರಿ ಮಠದ ದಾಸೋಹದಲ್ಲಿ ಉಂಡೆವು. ಮರುದಿನ ಗಂಗಾವತಿಯ ಕಡೆಗೆ, ಗಾಳಿ ಬೆನ್ನಿಗಿರುತ್ತಿತ್ತು. ತಡವಾಗಿ ಎದ್ದರೂ ನಡೆಯುತ್ತದೆ ಎಂದು ಯಾರೋ ಅಂದರು. ಆದರೆ ದಾರಿಯಲ್ಲಿ ಹಿರೇಬೆಣಕಲ್ ಇದೆ, ಬೆಟ್ಟದ ಮೇಲೆ ಶಿಲಾಯುಗ ದಾಟಿ ಕಬ್ಬಿಣದ ಯುಗಕ್ಕೆ ಬಂದ ಜನ ಕಟ್ಟಿದ ನೂರಾರು ಕಲ್ಮನೆಗಳಿವೆ, ಊರವರು 'ಮೋರ್ಯರ ಮನೆ' ಎನ್ನುವಂಥವು. ಬಿಸಿಲೇರುವ ಮೊದಲೇ ಆ ಗುಡ್ಡ ಹತ್ತಬೇಕೆಂದು ಆ ಕಿರಿಯ ಹುಡುಗಿ ಹಟ ಹಿಡಿದಳು. ನಸುಕಿನ ಐದಕ್ಕೆ ಹೊರಡುವುದೆಂದು ಗೊತ್ತಾಯಿತು. ಚೈನಿನಲ್ಲಿ ಉಳಿದಿದ್ದ ಎರೆ ಮಣ್ಣನ್ನು ಕೆರೆದು ತೆಗೆಯಲು ಎಲ್ಲರೂ ಅಂಗಳಕ್ಕೆ ಹೋದೆವು.