ಎಪ್ಪತ್ತೇಳು ಮಲೆಯ ನಾಡಿನಲ್ಲೊಂದು ಪರದೇಶಿ ಗಿಡ

ಕಳೆದ ಕಾರ್ತಿಕ ಮಾಸದಲ್ಲಿ ಸಕುಟುಂಬವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಯೋಗ ಒದಗಿತು. ಕೊಳ್ಳೇಗಾಲವನ್ನು ದಾಟಿ ತಾಳಬೆಟ್ಟವನ್ನು ಸೇರಿದೊಡನೆ ಘಟ್ಟದ ತಿರುವುಗಳು ಆರಂಭವಾಗುತ್ತವೆ. ಕಾಲ್ನಡಿಗೆಯ ಹರಕೆ ಹೊತ್ತ ಭಕ್ತರು ‘ಉಘೇ ಮಾದಪ್ಪ’ ಎನ್ನುತ್ತ ಏರುತ್ತಿದ್ದರು. ದಾರಿಯ ಇಕ್ಕೆಲಗಳಲ್ಲಿ ಹಳದಿ, ಕಿತ್ತಳೆ, ನಸುಗೆಂಪು ಬಣ್ಣದ ಪುಟ್ಟ ಹೂಗೊಂಚಲುಗಳು ಅರಳಿದ್ದವು. “ಎಷ್ಟು ಚೆಂದದ ಹೂ! ದೇವರಿಗೆ ಕೊಯ್ಯೋಣವೇ ಅಪ್ಪಾಜಿ?” ಎಂದು ಮಗಳು ಕೇಳಿದಳು.

ಮರದಡಿ ಕುಳಿತಿದ್ದ ಸೋಲಿಗ ವೃದ್ಧರೊಬ್ಬರು ನಕ್ಕು, “ಚೆಂದ ನೋಡೇ ಮೋಸ ಹೋದೊ ಕಣವ್ವ. ನಾ ಹುಡುಗನಾಗಿದ್ದಾಗ ಇಲ್ಲಿ ಆಳೆತ್ತರ ಹುಲ್ಲಿತ್ತು. ಈಗ ಗೆಣಸು ಅಗೆಯಾಕೆ ಒಳಕ್ಕೆ ಹೋಗಾಕೂ ದಾರಿ ಇಲ್ಲ” ಎಂದರು.

ಆ ಗಿಡವೇ ಲಂಟಾನ. ಇದರ ತವರು ಮಧ್ಯ ಹಾಗೂ ದಕ್ಷಿಣ ಅಮೆರಿಕ. 19ನೆಯ ಶತಮಾನದ ಆದಿಭಾಗದಲ್ಲಿ ಆಂಗ್ಲರು ಇದನ್ನು ಉದ್ಯಾನದ ಅಲಂಕಾರಕ್ಕೆಂದು ಕಲ್ಕತ್ತೆಗೆ ತಂದರು. ಉದ್ಯಾನದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಅದು ದಾಟಿತು. ತವರಿನಲ್ಲಿ ಅದನ್ನು ಹದ್ದಿನಲ್ಲಿಡುತ್ತಿದ್ದ ಕೀಟಗಳು ಇಲ್ಲಿರಲಿಲ್ಲ. ಎಲೆ ವಿಷವಾದ್ದರಿಂದ ದನಕರುಗಳು ಸಾಮಾನ್ಯವಾಗಿ ಮುಟ್ಟವು. ಅದರ ಕಪ್ಪು ಹಣ್ಣನ್ನಾದರೋ ಪಿಕಳಾರ ಮೊದಲಾದ ಹಕ್ಕಿಗಳು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಕಡಿದರೆ ಬುಡ ಮತ್ತೆ ಚಿಗುರುತ್ತದೆ.

ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರವರೆಗಿನ 11 ವರ್ಷಗಳಲ್ಲಿ ಲಂಟಾನ ಹಬ್ಬಿದ ನೆಲೆ ಸುಮಾರು ಇಮ್ಮಡಿಯಾಯಿತೆಂದು ಸಂಶೋಧಕರು ಅಳೆದು ಹೇಳಿದ್ದಾರೆ. ದೇಶದ ಹುಲಿ ನೆಲೆಗಳಲ್ಲಿ ಶೇಕಡ 40ರಷ್ಟನ್ನು ಅದು ಆಕ್ರಮಿಸಿದೆಯೆಂದು 2020ರ ಅಧ್ಯಯನವೊಂದು ತಿಳಿಸುತ್ತದೆ. ಇದರ ದಟ್ಟ ನೆರಳಿನಲ್ಲಿ ಹುಲ್ಲು ಬೆಳೆಯದು, ನಾಡಮರಗಳ ಸಸಿ ಮೇಲೇಳದು. ಮೇವು ತಪ್ಪಿದ ಪ್ರಾಣಿಗಳ ಪಾಡೇನು?

ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲಿ ನೆಲದ ಒಣ ಎಲೆಗೆ ಮಾತ್ರ ತಗಲುವ ‘ತರಗು ಬೆಂಕಿ’ ಹಾಕುತ್ತಿದ್ದರು. ಅರಣ್ಯ ಕಾಯಿದೆಗಳು ಅದನ್ನು ನಿಲ್ಲಿಸಿದವು. ಲಂಟಾನ ಹಬ್ಬಲು ಅದೇ ಕಾರಣವೆಂಬುದು ಅವರ ದೃಢವಾದ ಮಾತು. “ಹಾಗಾದರೆ ಮತ್ತೆ ಬೆಂಕಿ ಹಾಕಬಹುದಲ್ಲವೇ ತಾತ?” ಎಂದೆ. “ಈಗ ಹಾಕುದ್ರೆ ಉರಿ ಮರದ ನೆತ್ತಿಗೇರ್ತದೆ ಬುದ್ಧಿ. ಮೊದಲು ಬೇರು ಕೀಳಬೇಕು” ಎಂದರು. ಒಣಗಿದ ಲಂಟಾನದ ಪೊದೆಯೇ ಇಂದು ಕಾಳ್ಗಿಚ್ಚಿಗೆ ಉರುವಲಾಗಿದೆ.

ಆದರೂ ಬೆಟ್ಟದ ಜನ ಕೈಕಟ್ಟಿ ಕುಳಿತಿಲ್ಲ. ಬಿದಿರು ದುರ್ಲಭವಾದಾಗ, ಏಟ್ರೀ ಸಂಸ್ಥೆಯ ತರಬೇತಿಯ ನೆರವಿನಿಂದ, ಲಂಟಾನದ ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು ಬುಟ್ಟಿ, ಕುರ್ಚಿಗಳನ್ನು ಮಾಡುವುದನ್ನು ಕಲಿತರು. ಇದರಿಂದ ಕಾಡಿನ ಲಂಟಾನವೆಲ್ಲ ತೀರಿಹೋಗುವುದಿಲ್ಲ. ಆದರೆ ಕೇಡಿನ ಗಿಡದಲ್ಲಿಯೂ ಕಾಯಕವನ್ನು ಕಂಡುಕೊಂಡ ಅವರ ಬಾಳು ನಮಗೆ ಪಾಠವಾಗಬೇಕು.

ಮಗಳು ಹೂ ಕೊಯ್ಯಲಿಲ್ಲ. ನಾವು ಕೊಂಡು ತಂದ ಪುಟ್ಟ ಬುಟ್ಟಿಯಲ್ಲಿ ಈಗ ದಿನವೂ ಪೂಜೆಗೆ ಬಿಲ್ವಪತ್ರೆ ತುಂಬುತ್ತಾಳೆ. ಓದುಗ ಬಂಧುಗಳಲ್ಲಿ ಒಂದೇ ವಿನಂತಿ: ಹಿತ್ತಿಲ ಅಂದಕ್ಕೆಂದು ಹೊರನಾಡಿನ ಗಿಡವನ್ನು ತರುವ ಮುನ್ನ ಅದರ ಗುಣವನ್ನು ವಿಚಾರಿಸಿರಿ. ಅಂದು ಒಂದು ಉದ್ಯಾನಕ್ಕೆ ತಂದ ಗಿಡ ಇಂದು ಮಾದಪ್ಪನ ಮಲೆಗಳನ್ನೇ ಮುತ್ತಿದೆ.