ಎಂಜಿನ್ ಬದಲಿಸುವ ಮುನ್ನ

ಕಳೆದ ಚಳಿಗಾಲದಲ್ಲಿ ನನ್ನ 1972ರ ಎಂಜಿಬಿ ಕಾರಿನ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿತು. ರೇಡಿಯೇಟರಿನ ನೀರಿಗೆ ಆಂಟಿಫ್ರೀಜ್ ಬೆರೆಸಲು ಮರೆತದ್ದು ನನ್ನದೇ ತಪ್ಪು. ಬೇರೊಂದು ಕಾರಿನ ಎಂಜಿನ್ ತಂದು ಕೂರಿಸುವುದೆಂದು ನಿಶ್ಚಯಿಸಿದೆ; ಯಾವುದನ್ನು ಎಂಬುದೇ ಪ್ರಶ್ನೆಯಾಯಿತು.

ಮನಸ್ಸು ಮೊದಲು ಹರಿದದ್ದು ರೋವರ್‌ನ 3528 ಸಿಸಿ ವಿ8ರ ಕಡೆಗೆ. ಎಂಟು ಸಿಲಿಂಡರುಗಳಿದ್ದರೂ ಅಲ್ಯೂಮಿನಿಯಮ್ಮಿನದಾದ್ದರಿಂದ ಅದು ನಾಲ್ಕು ಸಿಲಿಂಡರಿನ ಹಳೆಯ ಕಬ್ಬಿಣದ ಎಂಜಿನ್ನಿಗಿಂತ ಭಾರವಲ್ಲ. 1973ರಿಂದ 1976ರವರೆಗೆ ಕಾರ್ಖಾನೆಯೇ ಅದನ್ನು ಎಂಜಿಬಿ ಜಿಟಿಯಲ್ಲಿ ಅಳವಡಿಸಿತ್ತು.

ಹಾಸನದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ಬಹುಕಾಲ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು ಅವರು. “ಓಡ್ಸೋದು ಹಾಗಿರ್ಲಿ ಕಣಪ್ಪಾ, ನಿಲ್ಸೋದು ಹೇಗೆ?” ಎಂದರು. ಬ್ರೇಕು, ರೇಡಿಯೇಟರು, ಹಿಂದಿನ ಆಕ್ಸಲು ಎಲ್ಲವೂ ಆ ಬಲಕ್ಕೆ ತಕ್ಕಂತಿರಬೇಕು. ಖರ್ಚಿನ ಲೆಕ್ಕ ಹಾಕಿದಾಗ ಅವರ ಮಾತಿನ ತೂಕ ತಿಳಿಯಿತು.

ಕೊನೆಗೆ ಮಜ್ದಾ ಎಂಎಕ್ಸ್-5ರ 1839 ಸಿಸಿ ಎಂಜಿನ್ನನ್ನು ಅದರ ಐದು ಗೇರಿನ ಗೇರ್‌ಬಾಕ್ಸ್ ಸಮೇತ ಆರಿಸಿದೆ. ಅದೂ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರಿಗೆಂದೇ ಉದ್ದುದ್ದಕ್ಕೆ ಕೂರುವಂಥದ್ದು; ಸಾಮರ್ಥ್ಯದಲ್ಲಿ ನನ್ನ ಹಳೆಯ 1798 ಸಿಸಿ ಎಂಜಿನ್ನಿಗೆ ಸಮೀಪ. ಮೋಟರ್‌ವೇಯಲ್ಲಿ ಐದನೆಯ ಗೇರಿನ ನೆಮ್ಮದಿ ಬೇರೆ. ವಾಹನದ ನೋಂದಣಿ ಪತ್ರದಲ್ಲಿಯೂ ಬದಲಾವಣೆ ದಾಖಲಾಗಬೇಕು.

ಬಿರುಕುಬಿಟ್ಟ ಎಂಜಿನ್ನನ್ನು ಮಾತ್ರ ಗುಜರಿಗೆ ಹಾಕಲಾಗಲಿಲ್ಲ. ಅಪ್ಪನ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಇದೂ ಒಂದೇ ಬಿ-ಸೀರೀಸ್ ಮನೆತನದವು. ನಮ್ಮ ಅನ್ನ ದುಡಿದದ್ದು ಆ ಮನೆತನವೇ. ಇದೀಗ ಅದು ಗ್ಯಾರೇಜಿನ ಮೂಲೆಯಲ್ಲಿದೆ. ಮುಂದಿನ ಬೇಸಿಗೆಯಲ್ಲಿ ಅಪ್ಪ ಬಂದಾಗ ಮೊದಲು ತೋರಿಸಬೇಕಾದದ್ದು ಅದನ್ನೇ.