ಕಿಟಕಿಯ ಕುಂಡಕ್ಕೆ ಬರುವ ನೆಂಟರು

ಮುಂಬಯಿಯಲ್ಲಿ ಕನ್ನಡಿಗರ ಮನೆಯನ್ನು ರಸ್ತೆಯಿಂದಲೇ ಗುರುತಿಸಬಹುದೆಂದು ನಾವು ಎಷ್ಟೋ ಸಲ ಪಂಥ ಕಟ್ಟಿದ್ದುಂಟು. ಕಿಟಕಿಯ ಕಬ್ಬಿಣದ ಸರಳುಗಳ ಹಿಂದೆ ತುಳಸಿಯೊಂದು, ಕರಿಬೇವೊಂದು, ಎಡೆ ಸಿಕ್ಕಿದರೆ ಊರಿನಿಂದ ಬೀಜ ತಂದು ಬೆಳೆಸಿದ ಮಟ್ಟುಗುಳ್ಳವೊಂದು ಇದ್ದರೆ, ಬಾಗಿಲಿನ ಮೇಲಿನ ಹೆಸರು ಓದಬೇಕಾಗಿಲ್ಲ. ಮುಲುಂಡಿನ ನಮ್ಮ ಮೂರನೆಯ ಮಾಳಿಗೆಯಲ್ಲಿರುವುದೂ ಇಷ್ಟೇ, ಮೇಲೊಂದು ಲಿಂಬೆಗಿಡ.

ಈ ನಾಲ್ಕು ಕುಂಡಗಳಿಗೆ ಬರುವ ನೆಂಟರ ಸಂಖ್ಯೆಯೇನೂ ಕಡಿಮೆಯಲ್ಲ. ತುಳಸಿಯ ಕದಿರನ್ನೆಲ್ಲ ಚಿವುಟದೆ ಎರಡು ಮೂರು ಬಿಟ್ಟರೆ ಮುಜಂಟಿ ಜೇನು ಬರುತ್ತದೆ. ಸೊಳ್ಳೆಯಷ್ಟೇ ಗಾತ್ರ, ಕುಟುಕುವುದಿಲ್ಲ. ಗೋಡೆಯ ಬಿರುಕು ಸಾಕು ಅದರ ಸಂಸಾರಕ್ಕೆ. ಗುಳ್ಳದ ಹೂವು ಮಾತ್ರ ಬಲು ಬಿಗುಮಾನದ್ದು. ಅದರ ಪರಾಗ ಹಳದಿ ಕೊಳವೆಗಳೊಳಗೆ ಅಡಗಿದ್ದು, ತುದಿಯ ಕಿರುರಂಧ್ರದಿಂದಲೇ ಉದುರಬೇಕು. ತುಡುವೆ ಜೇನಿಗೆ ಆ ಬೀಗ ತೆಗೆಯುವ ವಿದ್ಯೆ ತಿಳಿಯದು. ಕರಿದುಂಬಿ ಬಲ್ಲುದು. ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬೀಸದೆ ಎದೆಯ ಸ್ನಾಯುಗಳನ್ನಷ್ಟೇ ಝೇಂಕರಿಸಿದರೆ ಪುಡಿಯುಪ್ಪಿನ ಡಬ್ಬಿ ಅಲುಗಿಸಿದಂತೆ ಪರಾಗ ಸುರಿಯುತ್ತದೆ. ಬಟ್ಟೆ ಒಣಹಾಕುವ ಹಳೆಯ ಬಿದಿರು ಗಳುವಿಗೆ ತೂತು ಕೊರೆದು ಈ ದುಂಬಿ ಬಿಡಾರ ಹೂಡಿದ್ದರಿಂದ ಗಳುವನ್ನು ನಾವು ಎಸೆಯಲಿಲ್ಲ.

ಮನೆಯಲ್ಲಿ ಜಗಳಕ್ಕೆ ಕಾರಣವಾದುದು ಕರಿಬೇವು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ, ಬೆಳೆದ ಮೇಲೆ ಎಲೆಯಷ್ಟೇ ಹಸಿರು. ಮುಟ್ಟಿದರೆ ಕೆಂಪು ಕೋಡು ಚಾಚಿ ನಾತ ಬೀರುತ್ತದೆ.

“ಸಾರಿಗೆ ಒಂದು ಎಲೆ ಬಿಟ್ಟಿಲ್ಲ ಮಗಾ, ಹೆಕ್ಕಿ ಬಿಸಾಡು,” ಎಂದರು ನಮ್ಮ ಅಮ್ಮ.

“ತರಕಾರಿಯವನು ಕರಿಬೇವು ಪುಕ್ಕಟೆ ಕೊಡುತ್ತಾನಲ್ಲ ಅಜ್ಜೀ,” ಎಂದಳು ಮಗಳು.

ಅಮ್ಮನಿಗೆ ಉತ್ತರ ಹೊಳೆಯಲಿಲ್ಲ. ಗಿಡ ಮತ್ತೆ ಚಿಗುರಿತು. ಲಿಂಬೆಗೆ ಬ್ಲೂ ಮಾರ್ಮನ್ ಬರಲೆಂದು ಮಗಳು ಕಾದಿದ್ದಾಳೆ. ಮಹಾರಾಷ್ಟ್ರ 2015ರಲ್ಲಿ ಅದನ್ನು ರಾಜ್ಯದ ಚಿಟ್ಟೆಯೆಂದು ಸಾರಿತು. ರಾಜ್ಯಕ್ಕೊಂದು ಚಿಟ್ಟೆ ಎಂಬ ಪದ್ಧತಿ ನಮ್ಮ ದೇಶದಲ್ಲಿ ಆರಂಭವಾದುದೇ ಹಾಗೆ.

ಆದರೆ ಕುಂಡವನ್ನು ಕಾಯ್ದರೆ ಸಾಲದು. ಕಳೆದ ಮಳೆಗಾಲದ ಬಳಿಕ ನಮ್ಮ ಕಟ್ಟಡದ ತಾರಸಿಯಂಚಿನಲ್ಲಿ ಹೆಜ್ಜೇನು ಕಟ್ಟಿತು. ಒಂದು ರಾತ್ರಿ ಔಷಧ ಹೊಡೆಸಿದರು. ಬೆಳಿಗ್ಗೆ ಮೆಟ್ಟಿಲಿನಿಂದ ಗುಡಿಸಿ ತೆಗೆದ ರಾಶಿಯನ್ನು ಮಕ್ಕಳೂ ಕಂಡರು. ಹೆಜ್ಜೇನಿನ ಭಯ ಸುಳ್ಳಲ್ಲ. ಕೆಣಕಿದರೆ ಅದರ ದಾಳಿಯಿಂದ ಜೀವವೇ ಹೋಗಬಹುದು. ಆದರೆ ಅದು ಒಂದೆಡೆ ಠಿಕಾಣಿ ಹೂಡುವ ಜಾತಿಯಲ್ಲ. ಹೂವಿನ ಕಾಲ ನೋಡಿ ಬರುತ್ತದೆ, ಕೆಲವು ತಿಂಗಳಲ್ಲಿ ತಾನಾಗಿಯೇ ವಲಸೆ ಹೋಗುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕೇ!

ಮುಂದೆ ಹೆಜ್ಜೇನು ಬಂದರೆ ತಾರಸಿಯ ಬಾಗಿಲಿಗೆ ಬೀಗ ಹಾಕಿ, ಅದು ಹೋಗುವ ತನಕ ತಾಳಬೇಕೆಂದೂ, ತೀರ ಅಪಾಯವೆನಿಸಿದರೆ ಕೊಲ್ಲದೆ ಎಬ್ಬಿಸಬಲ್ಲವರನ್ನೇ ಕರೆಸಬೇಕೆಂದೂ ನಾವು ಕಟ್ಟಡದ ಸಮಿತಿಗೆ ಮನವಿ ಬರೆದಿದ್ದೇವೆ. ಇಪ್ಪತ್ತೆಂಟು ಮನೆಗಳಲ್ಲಿ ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಅದರಲ್ಲಿ ಮೊದಲನೆಯದು ಅಮ್ಮನದು.